ಈಕೋ ವ್ಯಾನಿನೊಳಗೆ ಇನ್ಸುಲೇಷನ್: ನಮ್ಮ ಮಳೆಗೆ ಯಾವುದು ಸರಿ?

ಗಿರಿತಪ್ಪಲು, ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಮಾರುತಿ ಈಕೋ ವ್ಯಾನ್ ಒಂದು ತೆಗೆದುಕೊಂಡಿದ್ದೇನೆ. ಐದು ಸೀಟಿನದು, ಎಸಿ ಇಲ್ಲ, ಬಿಳಿ ಬಣ್ಣ. ಹಿಂದಿನ ಜಾಗದಲ್ಲಿ ನಾನು, ನನ್ನ ಹೆಂಡತಿ ಮಲಗುವಷ್ಟು ಹಲಗೆ ಮಂಚ, ಒಂದು ಸಣ್ಣ ಅಡುಗೆ ಪೆಟ್ಟಿಗೆ, ಇಷ್ಟೇ ಆಸೆ. ದೊಡ್ಡ ಕ್ಯಾರವಾನ್ ಮಾಡುವ ಹುಚ್ಚಿಲ್ಲ. ರಜೆ ಸಿಕ್ಕಾಗ ಕೆಮ್ಮಣ್ಣುಗುಂಡಿ ಕಡೆ, ಸಕಲೇಶಪುರ ಕಡೆ, ಒಮ್ಮೊಮ್ಮೆ ಚಾರ್ಮಾಡಿ ಇಳಿದು ಸಮುದ್ರದ ಕಡೆ ಹೋಗುವುದು. ಪರಿಚಯದ ಹೋಂಸ್ಟೇ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ಕೇಳಿ ನಿಲ್ಲಿಸಿಕೊಳ್ಳುವುದು.

ಏನೂ ಹಾಕದೆ ಹಾಗೇ ಮಲಗಿ ನೋಡಿದೆವು. ಬೆಳಗಿನ ಜಾವ ಟಾಪಿನ ಪಟ್ಟಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಗಾಜೆಲ್ಲ ಒದ್ದೆ, ಹಾಸಿಗೆಯ ಅಂಚು ಒದ್ದೆ. ಸರಿ, ಒಳಮೈಗೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಹಾಕಿಸೋಣ ಅಂತ ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಮಾತು. ಮರಗೆಲಸದವರು ಥರ್ಮಾಕೋಲ್ ಹಾಕಿ ಮೇಲೆ ಪ್ಲೈವುಡ್ ಹೊಡೆದರೆ ಮುಗಿಯಿತು ಅನ್ನುತ್ತಾರೆ. ಆಕ್ಸೆಸರಿ ಅಂಗಡಿಯವರು ಬೆಳ್ಳಿ ಬಣ್ಣದ ಬಬಲ್ ಶೀಟ್ ತೋರಿಸುತ್ತಾರೆ. ಬೆಂಗಳೂರಿನ ಸ್ನೇಹಿತ ಗ್ಲಾಸ್ ವೂಲ್ ಅನ್ನುತ್ತಾನೆ. ಯೂಟ್ಯೂಬಿನ ವಿದೇಶಿಗಳು ಎರಡು ಮೂರು ಇಂಚು ತುಂಬುತ್ತಾರೆ. ಈಕೋ ಅಗಲ ಹೊರಗಿನಿಂದಲೇ 1,475 ಮಿಮೀ, ಎರಡೂ ಕಡೆ ಎರಡೆರಡು ಇಂಚು ಹಾಕಿದರೆ ನಾವಿಬ್ಬರೂ ಪಾಳಿ ಮೇಲೆ ಮಲಗಬೇಕು.

ನಮ್ಮ ಹವೆಗೆ ನಿಜವಾಗಿ ಏನು ಬೇಕು, ಎಷ್ಟು ದಪ್ಪ ಬೇಕು, ಏನು ಬೇಡ ಅಂತ ಗೊತ್ತಿದ್ದವರು ಹೇಳಿ. ಆರಿದ್ರ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕು.

ತೋಟದಮನೆ, ಮೂಡಿಗೆರೆ:

ಮಾರಾಯ್ರೆ, ನಿಮಗೆ ತೊಂದರೆ ಕೊಡುತ್ತಿರುವುದು ಚಳಿಯಾ, ತೇವವಾ? ಮೊದಲು ಅದನ್ನು ಬಗೆಹರಿಸಿಕೊಳ್ಳಿ. ವಿಡಿಯೋದಲ್ಲಿ ನೀವು ನೋಡಿದವರು ಹಿಮ ಬೀಳುವ ಊರಿನವರು, ಒಳಗೆ ಹೀಟರ್ ಹಾಕಿಕೊಂಡು ಆ ಬಿಸಿಯನ್ನು ಹಿಡಿದಿಡಲು ಎರಡಿಂಚು ಹಾಕುತ್ತಾರೆ. ನಮ್ಮಲ್ಲಿ ಚಳಿಗೆ ಒಂದು ಒಳ್ಳೆ ಕಂಬಳಿ ಸಾಕು. ಆದರೆ ತೇವಕ್ಕೆ ಕಂಬಳಿ ಏನು ಮಾಡುತ್ತದೆ, ಅದೇ ಒದ್ದೆಯಾಗುತ್ತದೆ. ಹಾಗಾಗಿ ಇಲ್ಲಿ ಲೆಕ್ಕವೇ ಬೇರೆ. ತಗಡಿನ ಮೇಲೆ ನೀರು ಕೂರದ ಹಾಗೆ ಮಾಡುವುದು, ಕೂತರೂ ಅದು ಒಣಗಲು ದಾರಿ ಇಡುವುದು. ಬೆಚ್ಚಗಿರುವುದು ಆಮೇಲಿನ ಮಾತು.

ಟಾಪಿನಿಂದ ತೊಟ್ಟಿಕ್ಕಿದ್ದು ಬಹುಶಃ ಮಳೆ ನೀರಲ್ಲ, ನಿಮ್ಮದೇ ನೀರು. ಇಬ್ಬರು ಮಲಗಿದರೆ ರಾತ್ರಿ ಕಳೆಯುವುದರೊಳಗೆ ಉಸಿರು, ಬೆವರು ಸೇರಿ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೂ ನೀರು ಗಾಳಿಗೆ ಸೇರುತ್ತದೆ. ಅದು ಹೋಗುವುದೆಲ್ಲಿಗೆ? ಹೊರಗೆ ಜಡಿಮಳೆ ಹೊಡೆಯುತ್ತಿರುವಾಗ ತಣ್ಣಗಾದ ತಗಡಿಗೆ ಹೋಗಿ ಕೂರುತ್ತದೆ. ಕಣದಲ್ಲಿ ಅರ್ಧ ಒಣಗಿದ ಕಾಫಿಗೆ ಸಂಜೆ ಟಾರ್ಪಾಲ್ ಹೊದಿಸಿದರೆ ಬೆಳಿಗ್ಗೆ ಅದರ ಒಳಮೈ ಹೇಗೆ ಬೆವರಿರುತ್ತದೋ, ಇದೂ ಹಾಗೆಯೇ.

ಜೊತೆಗೆ ಒಳಗೆ ಗ್ಯಾಸ್ ಹಚ್ಚಿ ಟೀ ಕಾಯಿಸಿದಿರೋ, ಇನ್ನೂ ಜಾಸ್ತಿ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ಗ್ಯಾಸಿನ ತೂಕಕ್ಕಿಂತ ನೀರು ಹೆಚ್ಚು ಹೇಗೆ ಅಂತ ಕೇಳಬೇಡಿ, ಉರಿಯುವಾಗ ಗಾಳಿಯಿಂದ ಆಮ್ಲಜನಕ ಸೇರಿಕೊಳ್ಳುತ್ತದಲ್ಲ, ಅದರ ತೂಕ. ಇನ್ನು ಪಾತ್ರೆಯಿಂದ ಏಳುವ ಹಬೆ ಬೇರೆ. ಅಡುಗೆ ಹಿಂದಿನ ಬಾಗಿಲೆತ್ತಿ ಅದರ ನೆರಳಲ್ಲಿ ಮಾಡಿ, ಒಳಗೆ ಬೇಡ.

ಆದರೂ ಮಳೆ ನೀರು ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋಗಿ. ಹಳೇ ಗಾಡಿ ಬೇರೆ. ಒಳಗಿನ ಮ್ಯಾಟ್, ಪ್ಲಾಸ್ಟಿಕ್ ಟ್ರಿಮ್ ಎಲ್ಲ ಬಿಚ್ಚಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲಿಂದ ಸೋರುತ್ತಿದೆ ಅಂತ ಗೊತ್ತಾಗುವುದಿಲ್ಲ. ಬಾಗಿಲಿನ ಬೀಡಿಂಗ್, ಹಿಂದಿನ ಲೈಟಿನ ರಬ್ಬರ್, ಮುಂದಿನ ಗಾಜಿನ ಮೂಲೆ, ಟಾಪಿನ ಜಾಯಿಂಟ್, ಇವು ಮಾಮೂಲಿ ಜಾಗಗಳು. ಸೋರಿಕೆ ಇದ್ದು ಅದರ ಮೇಲೆ ಇನ್ಸುಲೇಷನ್ ಅಂಟಿಸಿದರೆ ಒಳಗೆ ತುಕ್ಕು ತಿನ್ನುತ್ತಾ ಹೋಗುತ್ತದೆ, ನಿಮಗೆ ಕಾಣುವುದೂ ಇಲ್ಲ.

ತುಕ್ಕು ಕಂಡಲ್ಲಿ ವೈರ್ ಬ್ರಷ್, ಉಪ್ಪುಕಾಗದ ಹಾಕಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹೊಡೆದು, ಪೂರ್ತಿ ಒಣಗಲು ಬಿಡಿ. ಇದನ್ನು ಮಳೆ ಶುರುವಾಗುವ ಮೊದಲು ಮಾಡಬೇಕು. ಜೂನ್ ಬಂದ ಮೇಲೆ ಮೂಡಿಗೆರೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪ್ರೈಮರ್ ಒಣಗುತ್ತದಾ?

ಥರ್ಮಾಕೋಲ್ ಬಗ್ಗೆ ಒಂದೇ ಮಾತು. ನಿಮ್ಮ ಗಾಡಿ ತೋಟದ ಪಕ್ಕ ನಿಲ್ಲುವುದಾದರೆ ಇಲಿಗಳಿಗೂ ಇರುವೆಗಳಿಗೂ ನೀವೇ ಮನೆ ಕಟ್ಟಿಕೊಟ್ಟ ಹಾಗೆ.

ಡಕ್ಟ್ ಮೇಸ್ತ್ರಿ, ಹಾಸನ:

ನಾನು ಎಸಿ ಡಕ್ಟ್ (ತಣ್ಣಗಿನ ಗಾಳಿ ಸಾಗುವ ತಗಡಿನ ಕೊಳವೆ) ಕೆಲಸದವನು. ತಣ್ಣಗಿನ ತಗಡು ಬೆವರದ ಹಾಗೆ ನೋಡಿಕೊಳ್ಳುವುದೇ ನಮ್ಮ ಹೊಟ್ಟೆಪಾಡು, ಹಾಗಾಗಿ ಈ ಪ್ರಶ್ನೆ ನಮ್ಮದೇ ಅನ್ನಿ. ಮೇಲೆ ಮೂಡಿಗೆರೆ ಸರ್ ಹೇಳಿದ್ದು ಸರಿ ಇದೆ. ನಾನು ಸಾಮಾನಿನ ಬಗ್ಗೆ ಹೇಳುತ್ತೇನೆ.

ಡಕ್ಟಿಗೆ, ತಾಮ್ರದ ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಫೋಮ್ ನೋಡಿರುತ್ತೀರಿ. ನೈಟ್ರೈಲ್ ರಬ್ಬರ್ ಅಂತ ಕೇಳಿದರೆ ಎಸಿ ಸಾಮಾನಿನ ಅಂಗಡಿಯಲ್ಲಿ ರೋಲ್ ಕೊಡುತ್ತಾರೆ. 6, 9, 13, 19, 25 ಮಿಮೀ ದಪ್ಪದಲ್ಲಿ ಬರುತ್ತದೆ. ಅದರೊಳಗಿನ ಗುಳ್ಳೆಗಳು ಮುಚ್ಚಿದ ಗುಳ್ಳೆಗಳು, ನೀರೂ ನೀರಾವಿಯೂ ಸುಲಭಕ್ಕೆ ಒಳಗೆ ನುಗ್ಗುವುದಿಲ್ಲ. ಬಾಗುತ್ತದೆ, ಕತ್ತರಿಯಲ್ಲಿ ಕತ್ತರಿಸಬಹುದು, ಈಕೋ ತಗಡಿನ ಉಬ್ಬು ತಗ್ಗಿಗೆ ಒತ್ತಿ ಕೂರಿಸಬಹುದು. ತಗಡಿಗೂ ಫೋಮಿಗೂ ಮಧ್ಯೆ ಗಾಳಿ ಇರದ ಹಾಗೆ ಅಂಟಿಕೊಳ್ಳಬೇಕು, ಇದೇ ಮುಖ್ಯ. ಗಾಳಿಯೇ ಇಲ್ಲದಿದ್ದರೆ ಅಲ್ಲಿ ನೀರು ಹೇಗೆ ಕೂರುತ್ತದೆ ಹೇಳಿ.

ಗ್ಲಾಸ್ ವೂಲ್ ಬೆಂಕಿಗೆ ಒಳ್ಳೆಯದು, ಶಾಖಕ್ಕೂ ಒಳ್ಳೆಯದು, ಆದರೆ ನೀರಾವಿ ಸಲೀಸಾಗಿ ಒಳಗೆ ಹೋಗುತ್ತದೆ. ತಗಡಿನ ಮೇಲೆ ನೀರಾಗುತ್ತದೆ, ವೂಲ್ ಅದನ್ನು ಹಿಡಿದುಕೊಳ್ಳುತ್ತದೆ. ಗಾಡಿ ಕುಲುಕಿ ಕುಲುಕಿ ಅದು ಕೆಳಗೆ ಜಾರುತ್ತದೆ, ಮೇಲೆ ಖಾಲಿ. ಮೈಗೆ ತಗುಲಿದರೆ ನವೆ ಬೇರೆ. ಮಲೆನಾಡಿನಲ್ಲಿ ವ್ಯಾನಿಗೆ ಅದು ಬೇಡವೇ ಬೇಡ.

ಸ್ಪ್ರೇ ಡಬ್ಬಿಯಲ್ಲಿ ಬರುವ ಪಿಯು ಫೋಮನ್ನು ಪಿಲ್ಲರ್ ಒಳಗೆ, ಬಾಗಿಲಿನ ಒಳಗೆ ಬಿಡುವವರು ಇದ್ದಾರೆ. ಅದು ಉಬ್ಬುವಾಗ ತೆಳು ತಗಡನ್ನು ಹೊರಗೆ ತಳ್ಳುತ್ತದೆ, ವೈರ್ ಹೂತು ಹೋಗುತ್ತದೆ, ನೀರು ಹರಿಯುವ ತೂತು ಮುಚ್ಚುತ್ತದೆ. ಮುಂದೆ ಟಿಂಕರಿಂಗ್ ಮಾಡಿಸಬೇಕಾದರೆ ಗ್ಯಾರೇಜಿನವರು ಬೈಯುತ್ತಾರೆ.

ಇನ್ನು ದಪ್ಪ. ಇದಕ್ಕೆ ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ಇಲ್ಲಿಯೇ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಬರೀ ತಗಡಿನ ಮೂಲಕ 100 ಭಾಗ ಶಾಖ ಹೋಗುತ್ತಿದೆ ಅಂದುಕೊಳ್ಳಿ. 13 ಮಿಮೀ ರಬ್ಬರ್ ಅಂಟಿಸಿದರೆ ಅದು ಸುಮಾರು 31ಕ್ಕೆ ಇಳಿಯುತ್ತದೆ. 25 ಮಿಮೀ ಹಾಕಿದರೆ 19ರ ಸುತ್ತಮುತ್ತ. ಅಂದರೆ ಮೊದಲ ಅರ್ಧ ಇಂಚಿಗೆ 69 ಭಾಗ ಕಡಿಮೆಯಾಯಿತು, ಎರಡನೇ ಅರ್ಧ ಇಂಚಿಗೆ ಇನ್ನು 12 ಅಷ್ಟೇ. ಜಾಗವೂ ಹೋಯಿತು, ದುಡ್ಡೂ ಹೋಯಿತು. ಈಕೋದಂಥ ಚಿಕ್ಕ ಗಾಡಿಗೆ ಗೋಡೆಗೆ 13, ಟಾಪಿಗೆ ಜಾಗ ಇದ್ದರೆ 19. ಸಾಕು.

ಬೆವರುವುದಕ್ಕೂ ಇದೇ ಲೆಕ್ಕ. ಒಳಗೆ 22 ಡಿಗ್ರಿ, ತೇವಾಂಶ ಶೇ 85 ಇದೆ ಅನ್ನಿ. ಆ ಗಾಳಿ ಸುಮಾರು 19.4 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ಹೊರಗೆ 17 ಡಿಗ್ರಿ ಇದ್ದರೆ ಬರೀ ತಗಡಿನ ಒಳಮೈ 18.5ರಷ್ಟಿರುತ್ತದೆ, ಬೆವರಿತು. 13 ಮಿಮೀ ರಬ್ಬರ್ ಇದ್ದರೆ ಅದರ ಒಳಮೈ ಸುಮಾರು 21, ಒಣಗಿರುತ್ತದೆ. ಅರ್ಧ ಇಂಚೇ ಇಷ್ಟು ಕೆಲಸ ಮಾಡುತ್ತದೆ.

ಆದರೆ ಗಾಜು? ಗಾಜೂ ಬರೀ ತಗಡೂ ಶಾಖ ಬಿಡುವುದರಲ್ಲಿ ಹೆಚ್ಚು ಕಡಿಮೆ ಒಂದೇ. ಹತ್ತು ಚದರ ಮೀಟರ್ ತಗಡಿಗೆ ನೀಟಾಗಿ ರಬ್ಬರ್ ಹೊಡೆದು ಮೂರು ಚದರ ಮೀಟರ್ ಗಾಜು ಹಾಗೇ ಬಿಟ್ಟರೆ, ಆ ಮೂರರಿಂದ ಹೋಗುವುದು ಆ ಹತ್ತರಿಂದ ಹೋಗುವಷ್ಟೇ ಇರುತ್ತದೆ. ಐದು ಸೀಟಿನ ಈಕೋ ಅಂದರೆ ಸುತ್ತಲೂ ಗಾಜು. ಗಾಜಿಗೆ ಪರದೆ ಮಾಡದೆ ಗೋಡೆಗೆ ಎಷ್ಟು ಹಾಕಿದರೂ ಪ್ರಯೋಜನ ಕಡಿಮೆ.

ಬಯಲುಸೀಮೆ, ಕಡೂರು:

ಮಲೆನಾಡಿನವರು ತೇವ ತೇವ ಅಂತ ಒಂದೇ ಹಾಡು ಹಾಡುತ್ತೀರಿ. ಚಿಕ್ಕಮಗಳೂರಿನಿಂದ ಒಂದು ಗಂಟೆ ಇತ್ತ ಬಂದರೆ ಏಪ್ರಿಲ್‌ನಲ್ಲಿ ಟಾಪಿನ ಮೇಲೆ ದೋಸೆ ಹುಯ್ಯಬಹುದು. ಇವರು ವರ್ಷವಿಡೀ ಮಳೆಯಲ್ಲೇ ಓಡಾಡುತ್ತಾರಾ?

ಬಿಸಿಲಿಗೆ ಇನ್ಸುಲೇಷನ್ ಹಾಕಿದರೆ ಗಾಡಿ ತಣ್ಣಗಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ತಣ್ಣಗಾಗುವುದಿಲ್ಲ, ಬಿಸಿಯಾಗುವುದು ನಿಧಾನವಾಗುತ್ತದೆ. ಇಡೀ ದಿನ ಬಿಸಿಲಲ್ಲಿ ನಿಲ್ಲಿಸಿದರೆ ಗಾಜಿನಿಂದ ನುಗ್ಗಿದ ಬಿಸಿ ಸಂಜೆ ಹೊರಗೆ ಹೋಗಲು ಅದೇ ಇನ್ಸುಲೇಷನ್ ಅಡ್ಡ. ಅದರ ಮೇಲೆ ಈಕೋ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಘಾಟಿ ಹತ್ತಿ ಬಂದು ನಿಲ್ಲಿಸಿದ ತಕ್ಷಣ ಬಾಗಿಲು ಮುಚ್ಚಿ ಮಲಗಿದರೆ ಎಂಜಿನ್ ಬಿಸಿಯೆಲ್ಲ ಒಳಗೇ. ನಿಲ್ಲಿಸಿದ ಮೇಲೆ ಎಲ್ಲ ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡಿ, ಆಮೇಲೆ ಹಾಸಿಗೆ ಹಾಸಿ.

ನಿಮ್ಮದು ಬಿಳಿ ಗಾಡಿ, ಅದೇ ಅರ್ಧ ಕೆಲಸ ಮಾಡಿಬಿಟ್ಟಿದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುವಷ್ಟು ಗಾಢ ಬಣ್ಣ ಎಸೆಯುವುದಿಲ್ಲ.

ಬೆಳ್ಳಿ ಬಬಲ್ ಶೀಟ್ ಪೂರ್ತಿ ಮೋಸ ಅಲ್ಲ, ಹಾಕುವ ಜಾಗ ತಪ್ಪು. ಅದರ ಹೊಳೆಯುವ ಮೈ ಎದುರಿಗೆ ಒಂದಿಷ್ಟು ಖಾಲಿ ಗಾಳಿ ಇದ್ದರೆ ಮಾತ್ರ ಅದು ಶಾಖವನ್ನು ತಡೆಯುತ್ತದೆ. ತಗಡಿಗೆ ಒತ್ತಿ ಅಂಟಿಸಿ, ಅದರ ಮೇಲೆ ಪ್ಲೈವುಡ್ ಒತ್ತಿದರೆ ಹೊಳಪಿನಿಂದ ಏನೂ ಲಾಭ ಇಲ್ಲ, ಬರೀ ನಾಲ್ಕು ಮಿಮೀ ಗುಳ್ಳೆಯ ಲಾಭ ಅಷ್ಟೇ. ಮುಂದಿನ ಗಾಜಿನ ಅಳತೆಗೆ ಕತ್ತರಿಸಿ ಹಗಲು ನಿಲ್ಲಿಸಿದಾಗ ಒಳಗಿನಿಂದ ಇಡಿ. ಅಲ್ಲಿ ಅದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ.

ಗಿರಿತಪ್ಪಲು, ಚಿಕ್ಕಮಗಳೂರು:

ತುಂಬಾ ಉಪಕಾರವಾಯಿತು. ಕಡೂರು ಸರ್, ಬೇಸಿಗೆಯಲ್ಲಿ ನಿಮ್ಮ ಕಡೆಯೂ ಬರುತ್ತೇವೆ, ಅಯ್ಯನಕೆರೆ ನೋಡಬೇಕು ಅಂತ ಇದೆ.

ಡಕ್ಟ್ ಮೇಸ್ತ್ರಿಯವರಿಗೆ ಮೂರು ಪ್ರಶ್ನೆ. ತೇವ ಹೊರಗೆ ಹೋಗಲು ಕಿಟಕಿ ತೆಗೆದಿಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಹೊರಗೆ ಮಂಜು, ಮಳೆ, ಗಾಳಿಯೇ ಒದ್ದೆ. ಅದನ್ನು ಒಳಗೆ ಬಿಟ್ಟುಕೊಂಡರೆ ಒಳಗೆ ಒಣಗುವುದು ಹೇಗೆ? ಎರಡನೆಯದು, ಮನೆಯಲ್ಲಿ ಎಸ್‌ಆರ್ ಗಮ್ (ಸಿಂಥೆಟಿಕ್ ರಬ್ಬರ್ ಅಂಟು) ಡಬ್ಬಿ ಇದೆ, ರಬ್ಬರ್ ಶೀಟ್ ಅಂಟಿಸಲು ಅದೇ ಸಾಕಾ? ಮೂರನೆಯದು ನೆಲ. ನೆಲಕ್ಕೂ ಇದೇ ರಬ್ಬರ್ ಹಾಕಬಹುದಾ?

ಡಕ್ಟ್ ಮೇಸ್ತ್ರಿ, ಹಾಸನ:

ಮೊದಲನೆಯದು ಒಳ್ಳೆ ಪ್ರಶ್ನೆ. ಹೊರಗಿನ ಗಾಳಿ ಒದ್ದೆ ನಿಜ, ಆದರೆ ಅದು ತಣ್ಣಗಿನ ಗಾಳಿ. ತಣ್ಣಗಿನ ಗಾಳಿ ಹಿಡಿಯುವ ನೀರೇ ಕಡಿಮೆ. ಹೊರಗೆ 17 ಡಿಗ್ರಿ, ಶೇ 95 ತೇವಾಂಶ ಇರುವ ಗಾಳಿ ಒಳಗೆ ಬಂದು ನಿಮ್ಮ ಮೈಶಾಖಕ್ಕೆ 22 ಡಿಗ್ರಿ ಆಯಿತು ಅನ್ನಿ, ಆಗ ಅದೇ ಗಾಳಿಯ ತೇವಾಂಶ ಸುಮಾರು ಶೇ 70ಕ್ಕೆ ಇಳಿಯುತ್ತದೆ. ಅದು ನಿಮ್ಮ ಉಸಿರಿನ ನೀರನ್ನು ಹೀರಿಕೊಂಡು ಹೊರಗೆ ಹೋಗುತ್ತದೆ. ಆದ್ದರಿಂದ ಜಡಿಮಳೆಯಲ್ಲೂ ಕಿಟಕಿ ತೆಗೆದಿಡುವುದೇ ಸರಿ. ಆದರೆ ಒಳಗೆ ಹೊರಗಿಗಿಂತ ಸ್ವಲ್ಪವಾದರೂ ಬೆಚ್ಚಗಿದ್ದರೆ ಮಾತ್ರ ಈ ಲೆಕ್ಕ ನಡೆಯುವುದು, ಇನ್ಸುಲೇಷನ್ ಇರುವುದು ಅದಕ್ಕೇ. ಎರಡೂ ಬೇಕು, ಒಂದು ಬಿಟ್ಟು ಒಂದು ಅಲ್ಲ. ಘಟ್ಟದ ಕೆಳಗೆ ಹೋದಾಗ ಮಾತ್ರ ಇದನ್ನು ನಂಬಬೇಡಿ, ಅಲ್ಲಿ ಹೊರಗಿನ ಗಾಳಿಯೇ ಬೆಚ್ಚಗೆ, ಒದ್ದೆ. ಅಲ್ಲಿ ಫ್ಯಾನೇ ಗತಿ.

ಮುಂದಿನ ಎರಡು ಕಿಟಕಿಗೆ ರೇನ್ ವೈಸರ್ ಹಾಕಿಸಿ, ಎರಡು ಬೆರಳು ಇಳಿಸಿದರೂ ಮಳೆ ಒಳಗೆ ಹೊಡೆಯುವುದಿಲ್ಲ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು, ಒಂದೇ ಕಿಟಕಿ ಸಾಲದು. ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ ಚಿಕ್ಕ ಫ್ಯಾನ್ ಒಂದನ್ನು ಹಿಂದಿನ ಕಿಟಕಿಗೆ ಹೊರಮುಖವಾಗಿ ಕಟ್ಟಿದರೆ ಇನ್ನೂ ಒಳ್ಳೆಯದು. ಎರಡು ಮೂರು ವ್ಯಾಟ್ ಅಷ್ಟೇ ತಿನ್ನುತ್ತದೆ. ಸೊಳ್ಳೆ ಪರದೆ ಮರೆಯಬೇಡಿ.

ಎಸ್‌ಆರ್ ಗಮ್ ರಬ್ಬರ್ ಶೀಟಿಗೆ ನಡೆಯುತ್ತದೆ. ತಗಡಿಗೂ ಹಚ್ಚಿ, ಶೀಟಿಗೂ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಅವಸರ ಮಾಡಿದರೆ ಟಾಪಿನಿಂದ ಕಿತ್ತು ಬರುತ್ತದೆ. ತಗಡಿನ ಮೇಲೆ ಎಣ್ಣೆ, ಧೂಳು, ಹಳೆ ಪಾಲಿಶ್ ಇರಬಾರದು, ತಿನ್ನರ್ ಬಟ್ಟೆಯಲ್ಲಿ ಒರೆಸಿ. ಎಲ್ಲ ಬಾಗಿಲು ತೆಗೆದಿಟ್ಟು ಮಾಡಿ, ಅದರ ವಾಸನೆ ತಲೆಗೆ ಹೊಡೆಯುತ್ತದೆ, ಹತ್ತಿರ ಬೀಡಿ ಬೆಂಕಿ ಇರಕೂಡದು. ಥರ್ಮಾಕೋಲಿಗಾಗಲಿ, ನೀಲಿ ಗುಲಾಬಿ ಬಣ್ಣದಲ್ಲಿ ಬರುವ ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಲಗೆಗಾಗಲಿ ಈ ಗಮ್ ಮುಟ್ಟಿಸಬೇಡಿ, ಅದರಲ್ಲಿರುವ ದ್ರಾವಕಕ್ಕೆ ಎರಡೂ ಕರಗಿ ಹೋಗುತ್ತವೆ.

ನೆಲಕ್ಕೆ ರಬ್ಬರ್ ಫೋಮ್ ಬೇಡ. ಮಂಡಿ ಊರಿದಲ್ಲಿ ಅದುಮಿ ಚಪ್ಪಟೆಯಾಗುತ್ತದೆ. ಅಲ್ಲಿ ಎಕ್ಸ್‌ಪಿಎಸ್ ಸರಿ, ಗಟ್ಟಿ ಇರುತ್ತದೆ, ನೀರು ಕುಡಿಯುವುದಿಲ್ಲ, 20 ಅಥವಾ 25 ಮಿಮೀ ಸಾಕು. ತಗಡಿನ ಉಬ್ಬುಗಳ ನಡುವೆ ಪಟ್ಟಿ ಕತ್ತರಿಸಿ ಕೂರಿಸಿ, ಮೇಲೆ 9 ಅಥವಾ 12 ಮಿಮೀ ಬಿಡಬ್ಲ್ಯುಪಿ (ನೀರಿಗೆ ಹಾಳಾಗದ) ಪ್ಲೈವುಡ್. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ ತೆಗೆದುಕೊಳ್ಳಿ. ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಹಚ್ಚಿ, ನೀರು ಕುಡಿಯುವುದು ಅಂಚಿನಿಂದಲೇ. ನೆಲವನ್ನು ಅಂಟಿಸಿಬಿಡಬೇಡಿ, ಎತ್ತಿ ನೋಡುವ ಹಾಗಿರಲಿ.

ಸೀಟ್ ಕವರ್, ಬೇಲೂರು:

ಸರ್, ನಾನು ಕುಶನ್ ಕೆಲಸದವನು. ಮೇಲೆ ಎಲ್ಲರೂ ಲೆಕ್ಕ ಹೇಳಿದರು, ಕೈಕೆಲಸ ಯಾರೂ ಹೇಳಲಿಲ್ಲ.

ಟಾಪಿನ ಲೈನಿಂಗ್ ಬಿಚ್ಚುವಾಗ ಕ್ಲಿಪ್ಪುಗಳು ಮುರಿಯುತ್ತವೆ, ಹತ್ತು ಹದಿನೈದು ಹೊಸದು ತಂದಿಟ್ಟುಕೊಂಡೇ ಕೈಹಾಕಿ. ಒಳಗಿನ ಲೈಟಿನ ವೈರ್ ಎಲ್ಲಿ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಟಾಪಿಗೆ ಮಳೆ ಬಡಿಯುವ ಸದ್ದು ಬೇಜಾರು ಅಂದರೆ ಮೊದಲು ಡ್ಯಾಂಪಿಂಗ್ ಶೀಟ್ ಹಾಕಿ, ಅದರ ಮೇಲೆ ರಬ್ಬರ್. ಡ್ಯಾಂಪಿಂಗ್ ಶೀಟ್ ಅಂದರೆ ಬ್ಯುಟೈಲ್ ಅಂಟು, ಮೇಲೆ ಅಲ್ಯೂಮಿನಿಯಂ. ಅದು ತಗಡು ನಡುಗುವುದನ್ನು ತಡೆಯುತ್ತದೆ ಅಷ್ಟೇ, ಶಾಖ ತಡೆಯುವುದಿಲ್ಲ. ಟಾಪು ಪೂರ್ತಿ ಮುಚ್ಚುವುದು ಬೇಡ, ಪ್ರತಿ ಹಾಳೆಯ ನಡುಭಾಗಕ್ಕೆ ಒಂದೊಂದು ತುಂಡು ಹಾಕಿದರೆ ಸದ್ದು ಎಷ್ಟೋ ಕಮ್ಮಿಯಾಗುತ್ತದೆ. ತೂಕವೂ ಉಳಿಯುತ್ತದೆ.

ಬಾಗಿಲಿನಲ್ಲಿ ಜಾಸ್ತಿ ಬುದ್ಧಿವಂತಿಕೆ ಬೇಡ. ಬಾಗಿಲೊಳಗೆ ಮಳೆ ನೀರು ಇಳಿಯುವುದೇ ಲೆಕ್ಕ, ಗಾಜಿನ ಸಂದಿಯಿಂದ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ. ಆ ತೂತು ಮುಚ್ಚಿದರೆ ಒಂದೇ ಮಳೆಗಾಲಕ್ಕೆ ಬಾಗಿಲ ಅಂಚು ತುಕ್ಕು ಹಿಡಿಯುತ್ತದೆ. ಗಾಜು ಇಳಿಯುವ ದಾರಿಗೆ ಶೀಟ್ ಅಡ್ಡ ಬರಬಾರದು, ಜಾರುವ ಬಾಗಿಲಿನ ಹಳಿ, ರೋಲರ್ ಹತ್ತಿರವೂ ಬೇಡ. ಟ್ರಿಮ್ ಹಿಂದೆ ಕಂಪನಿಯವರು ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಬಹಳ ಜನ ಅದನ್ನು ಕಸ ಅಂತ ಕಿತ್ತು ಬಿಸಾಕುತ್ತಾರೆ. ನೀರು ಒಳಗೆ ಬರದ ಹಾಗೆ ತಡೆಯುವುದೇ ಅದು. ಹರಿದಿದ್ದರೆ ಹೊಸದು ಹಾಕಿ.

ಓದುವವರಲ್ಲಿ ಯಾರಾದರೂ ಹೊಸ ಗಾಡಿಯವರಿದ್ದರೆ, ಕಿಟಕಿಯ ಮೇಲಂಚಿನಲ್ಲಿ, ಅಪಘಾತವಾದಾಗ ಪರದೆಯಂತೆ ಉಬ್ಬಿ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇದೆಯಾ ನೋಡಿಕೊಳ್ಳಿ. ಇದ್ದರೆ ಆ ಅಂಚನ್ನು ಮುಟ್ಟಲೇಬೇಡಿ.

ಗಾಜಿನ ಪರದೆ ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲು ದಿನಪತ್ರಿಕೆಯನ್ನು ಗಾಜಿಗೆ ಅಂಟಿಸಿ ಅಳತೆ ತೆಗೆಯುತ್ತೇನೆ. ಆ ಅಳತೆಗಿಂತ ಸುತ್ತ ಅರ್ಧ ಸೆಂಟಿಮೀಟರ್ ಜಾಸ್ತಿ ಇಟ್ಟು 10 ಮಿಮೀ ಎಕ್ಸ್‌ಎಲ್‌ಪಿಇ ಫೋಮ್ ಕತ್ತರಿಸಬೇಕು, ಒಂದು ಕಡೆ ಬೆಳ್ಳಿ ಹಾಳೆ ಇರುವುದು ಸಿಗುತ್ತದೆ. ಆ ಜಾಸ್ತಿ ಇಟ್ಟ ಅಂಚಿನಿಂದಲೇ ಅದು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತದೆ. ಒಳಮುಖಕ್ಕೆ ಕಪ್ಪು ಬಟ್ಟೆ ಹೊಲಿದು, ಸುತ್ತ ಪೈಪಿಂಗ್ ಕೊಟ್ಟು, ಬಟ್ಟೆಯ ಅಂಚಿಗೆ ನಾಲ್ಕು ಕಡೆ ಚಿಕ್ಕ ಆಯಸ್ಕಾಂತ ಸೇರಿಸಿದರೆ ತಗಡಿನ ಚೌಕಟ್ಟಿಗೆ ತಾನೇ ಹಿಡಿದುಕೊಳ್ಳುತ್ತದೆ. ರಾತ್ರಿ ಒಳಗೆ ಲೈಟ್ ಹಾಕಿದರೂ ಹೊರಗೆ ಕಾಣುವುದಿಲ್ಲ, ಅದೊಂದು ದೊಡ್ಡ ಅನುಕೂಲ, ಹೆಂಗಸರು ಜೊತೆಗಿದ್ದಾಗ ಮುಖ್ಯವೂ ಹೌದು. ಆದರೆ ಪರದೆಯ ಹಿಂದೆ ಗಾಜು ಬೆವರಿಯೇ ಬೆವರುತ್ತದೆ. ಬೆಳಿಗ್ಗೆ ತೆಗೆದು ಒರೆಸಿ, ಪರದೆಗಳನ್ನು ಒದ್ದೆಯಲ್ಲೇ ಮಡಚಿ ಇಡಬೇಡಿ, ಬೂಷ್ಟು ಬರುತ್ತದೆ.

ಹಾಸಿಗೆಗೂ ಇದೇ ಮಾತು. ಬರೀ ಹಲಗೆಯ ಮೇಲೆ ಫೋಮ್ ಹಾಕಿದರೆ ಕೆಳಗೆ ಬೂಷ್ಟು ಗ್ಯಾರಂಟಿ. ಹಲಗೆಗೆ ಸಾಲಾಗಿ ತೂತು ಕೊರೆಯಿರಿ, ಅಥವಾ ರೀಪರ್ ಪಟ್ಟಿಗಳಲ್ಲೇ ಮಂಚ ಮಾಡಿ.

ಘಾಟಿ ಡ್ರೈವರ್, ಸಕಲೇಶಪುರ:

ಎಲ್ಲ ಚೆನ್ನಾಗಿ ಹೇಳಿದ್ದೀರಿ, ಜೀವಕ್ಕೆ ಅಪಾಯ ತರುವ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಚಳಿ ಅಂತ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಗಾಡಿಯೊಳಗೆ ಇಟ್ಟುಕೊಂಡು ಮಲಗಬೇಡಿ. ಮನೆಯ ಜಗಲಿಯಲ್ಲಿ ಅದು ಸರಿ, ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಎಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯ. ಸಂದಿ ಗೊಂದಿ ಎಲ್ಲ ಮುಚ್ಚಿದ ಮೇಲಂತೂ ಇನ್ನೂ ಹುಷಾರಾಗಿರಬೇಕು. ಬ್ಯಾಟರಿಯಲ್ಲಿ ನಡೆಯುವ ಸಿಒ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ, ತಲೆ ಹತ್ತಿರ ಒಂದು ಇಟ್ಟುಕೊಳ್ಳಿ.

ಫೋಮ್ ಯಾವುದೇ ಇರಲಿ, ಬೆಂಕಿಗೆ ಹೇಗಿದೆ ಅಂತ ಕೇಳಿ ತೆಗೆದುಕೊಳ್ಳಿ. ಥರ್ಮಾಕೋಲ್ ಉರಿದರೆ ಕಪ್ಪು ಹೊಗೆ, ಉರಿಯುತ್ತಾ ಹನಿ ಬೀಳುತ್ತದೆ. ಡಕ್ಟಿನ ರಬ್ಬರಿನಲ್ಲಿ ಬೆಂಕಿ ಬೇಗ ಹರಡದ ದರ್ಜೆಯದು ಬರುತ್ತದೆ, ಅದನ್ನೇ ಕೇಳಿ. ಎಂಜಿನ್ ಮುಚ್ಚಳದ ಸುತ್ತ, ಸೈಲೆನ್ಸರ್ ಹಾದುಹೋಗುವ ಕಡೆ ಯಾವ ಫೋಮೂ ಬೇಡ.

ಸಿಎನ್‌ಜಿ ಗಾಡಿ ಆಗಿದ್ದರೆ ಸಿಲಿಂಡರ್, ಪೈಪ್, ವಾಲ್ವ್ ಯಾವುದನ್ನೂ ಹಲಗೆಯೊಳಗೆ ಬಂದ್ ಮಾಡಬೇಡಿ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟಿಗೆ (ನೀರು ತುಂಬಿ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ಸಿಲಿಂಡರ್ ಬಿಚ್ಚಲೇಬೇಕು.

ಸೀಟಿನ ವಿಷಯ ಯಾರಾದರೂ ಕೇಳುತ್ತೀರಿ ಅಂತ ಈಗಲೇ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ವ್ಯತ್ಯಾಸ ಬರುವ ಬದಲಾವಣೆ ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಒಳಗೆ ರಬ್ಬರ್ ಅಂಟಿಸುವುದು ಬೇರೆ, ಹಿಂದಿನ ಸೀಟು ಶಾಶ್ವತವಾಗಿ ತೆಗೆಯುವುದು, ಟಾಪ್ ಕೊರೆದು ಫ್ಯಾನ್ ಇಡುವುದು ಬೇರೆ. ಅಂಥದ್ದು ಮಾಡುವ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿ.

ಗಿರಿತಪ್ಪಲು, ಚಿಕ್ಕಮಗಳೂರು:

ಪೆಟ್ರೋಲ್ ಗಾಡಿ, ಸಿಎನ್‌ಜಿ ಇಲ್ಲ. ಟಾಪ್ ಕೊರೆಯುವುದಿಲ್ಲ, ಫ್ಯಾನ್ ಕಿಟಕಿಗೇ ಕಟ್ಟುತ್ತೇನೆ. ಮರಗೆಲಸದವರಿಗೆ ಥರ್ಮಾಕೋಲ್ ಬೇಡ ಅಂತ ಹೇಳಿದ್ದಾಯಿತು, ಸ್ವಲ್ಪ ಮುನಿಸಿಕೊಂಡಿದ್ದಾರೆ. ಹಿಂದಿನ ಬಾಗಿಲಿಗೆ, ಮೇಲಕ್ಕೆ ಎತ್ತುವುದಕ್ಕೆ, ಒಳಗಿನಿಂದ ಪ್ಲೈವುಡ್ ಹೊಡೆದು ಅಡುಗೆ ಸಾಮಾನು ನೇತುಹಾಕುವ ಹಾಗೆ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಮಾಡಿಸಬಹುದಾ?

ಸೀಟ್ ಕವರ್, ಬೇಲೂರು:

ಬೇಡ ಸರ್. ಆ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಕಡ್ಡಿಗಳು ಬಾಗಿಲಿನ ತೂಕಕ್ಕೆ ಮಾತ್ರ ಲೆಕ್ಕ ಹಾಕಿ ಕೊಟ್ಟಿರುವುದು. ಪ್ಲೈವುಡ್, ಪಾತ್ರೆ, ಸೌಟು ಎಲ್ಲ ಸೇರಿದರೆ ಅಡುಗೆ ಮಾಡುವವರ ತಲೆ ಮೇಲೆ ಬಾಗಿಲು ನಿಧಾನಕ್ಕೆ ಇಳಿದು ಬರುತ್ತದೆ. ರಬ್ಬರ್ ಅಂಟಿಸಿ, ಮೇಲೆ ತೆಳು ಬಟ್ಟೆ ಹೊದಿಸಿ, ಬಟ್ಟೆಗೆ ಜೇಬು ಹೊಲಿಸಿ. ಚಮಚ, ಟೀ ಪುಡಿ, ಬೆಂಕಿಪೊಟ್ಟಣ ಇಡಲು ಅಷ್ಟು ಸಾಕು.

ಗಿರಿತಪ್ಪಲು, ಚಿಕ್ಕಮಗಳೂರು:

ಆಯಿತು, ಜೇಬೇ ಹೊಲಿಸುತ್ತೇನೆ. 13 ಮಿಮೀ ರಬ್ಬರ್ ಇಲ್ಲಿ ಬಿಡಿಯಾಗಿ ಕೊಡುವವರು ಸಿಗಲಿಲ್ಲ, ಬೆಂಗಳೂರಿನಿಂದ ಪೂರ್ತಿ ರೋಲ್ ತರಬೇಕು. ನನಗೆ ಬೇಕಾಗಿದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಚಿಕ್ಕಮಗಳೂರು, ಬೇಲೂರು, ಹಾಸನ ಕಡೆ ಓಮ್ನಿಗೋ ಈಕೋಗೋ ಹಾಕಿಸುವವರು ಯಾರಾದರೂ ಇದ್ದರೆ ಇಲ್ಲೇ ಹೇಳಿ, ರೋಲ್ ಹಂಚಿಕೊಳ್ಳೋಣ.